ಹುರುಳಿ ಸುಟ್ಟ ವಾಸನೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಮ್ಮ ಅವತ್ತು ಹಾಕಿಕೊಂಡಿದ್ದು ಕೆಂಪು ಸ್ವೆಟರ್ ಎಂದು ನಾನು ಬರೆಯುತ್ತೇನೆ. ಅದು ಕಂದು ಬಣ್ಣದ್ದು ಎನ್ನುತ್ತಾಳೆ ಅಮ್ಮ. ಸ್ವೆಟರನ್ನು ಯಾರಿಗೋ ಕೊಟ್ಟಾಗಿದೆ, ತೆಗೆದು ನೋಡುವ ಹಾಗಿಲ್ಲ. ಮಂಜಿನೊಳಗೆ ನಾನು ಅಮ್ಮನನ್ನು ಕರೆಯುತ್ತ ಇದ್ದದ್ದು ಅರ್ಧ ಗಂಟೆಗೆ ಕಡಿಮೆಯಿಲ್ಲ ಎಂದು ನನ್ನ ಮೈ ಹೇಳುತ್ತದೆ. ಆದರೆ ಹೊಸದುರ್ಗ ಬಿಟ್ಟ ಹೊತ್ತನ್ನೂ ಹೊಳಲ್ಕೆರೆ ಸೇರಿದ ಹೊತ್ತನ್ನೂ ಜೋಡಿಸಿ ನೋಡಿದರೆ ನಡುವೆ ಅಷ್ಟು ಹೊತ್ತಿಗೆ ಜಾಗವೇ ಇಲ್ಲ. ನಾನು ಮನಃಶಾಸ್ತ್ರ ಓದಿದವಳು, ಮೈಸೂರಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಹೆದರಿದ ಮನಸ್ಸು ಹೊತ್ತನ್ನು ಹಿಗ್ಗಿಸಿಕೊಳ್ಳುತ್ತದೆ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ಬೋರ್ಡಿನ ಕಡೆ ತಿರುಗಿರುತ್ತೇನೆ.

ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಆ ದಿನಕ್ಕೆ ಅದು ಉಪಯೋಗವಿಲ್ಲ. ಪುಟದಲ್ಲಿ ಇರುವುದು ಇಷ್ಟೇ: 'ತುಂಬಾ ಮಂಜು. ತಲುಪಿದೆವು.'

ಹೋದ ವಾರ ಅಮ್ಮ ಹಿರಿಯೂರಿನಿಂದ ನಮ್ಮ ಮನೆಗೆ ಬಂದಳು. ಬಂದ ಮಾರನೆಯ ದಿನವೇ ಚಟ್ನಿಪುಡಿ ಮಾಡುತ್ತೇನೆಂದು ಬಾಣಲೆಯಲ್ಲಿ ಹುರುಳಿ ಹುರಿಯಲು ನಿಂತಳು. ನಾನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕಾಳು ಸಿಡಿಯುವ ಸದ್ದು, ಅದರ ಹಿಂದೆಯೇ ಆ ವಾಸನೆ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ನನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಬ್ರೇಕನ್ನು ಒತ್ತುವ ಹಾಗೆ, ಮೀನಖಂಡ ನೋಯುವಷ್ಟು ಬಲವಾಗಿ. ಮನಸ್ಸು ಏನನ್ನಾದರೂ ತಿರುಚಿ ಹೇಳಬಹುದು. ಕಾಲು ಸುಳ್ಳು ಹೇಳುತ್ತದೆಯೇ, ಗೊತ್ತಿಲ್ಲ. ಅದನ್ನು ನಂಬಿ ಬರೆಯುತ್ತಿದ್ದೇನೆ.

ಆ ವರ್ಷ ನಮ್ಮ ಸೀಮೆಯ ಚಳಿಗಾಲ ಬೇರೆ ಥರ ಇತ್ತು. ಹಿರಿಯೂರಿನ ಚಳಿ ಎಂದರೆ ಒಣ ಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಅಷ್ಟಕ್ಕೆ ಮುಗಿಯಿತು. ಆ ವರ್ಷ ಮಳೆ ಹಿಡಿದು, ಮಾರಿಕಣಿವೆಯ ಡ್ಯಾಂ ತುಂಬಿ, ಎಷ್ಟೋ ವರ್ಷದಿಂದ ನೀರು ಕಾಣದ ಕೆರೆಗಳಲ್ಲೂ ನೀರು ನಿಂತಿತ್ತು. ಎಲ್ಲರಿಗೂ ಸಂತೋಷವಾಗಿತ್ತು. ಡಿಸೆಂಬರ್ ಬಂದ ಮೇಲೆ ಆ ನೀರೆಲ್ಲ ಬೆಳಗಾದರೆ ಎದ್ದು ರಸ್ತೆಗೆ ಬರತೊಡಗಿತು. ಅಮ್ಮ ದಿನಾ ಬೆಳಿಗ್ಗೆ ಫೋನ್ ಮಾಡಿ ಮಂಜಿನ ವರದಿ ಕೊಡುತ್ತಿದ್ದಳು. "ಇವತ್ತು ಎದುರುಮನೆ ಗೇಟು ಕಾಣಲ್ಲ." "ಇವತ್ತು ನಮ್ಮ ತುಳಸಿಕಟ್ಟೆನೇ ಕಾಣಲ್ಲ." ಹೈವೇಯಲ್ಲಿ ಲಾರಿಗೆ ಲಾರಿ ಗುದ್ದಿದ ಸುದ್ದಿಯನ್ನೂ ಸೇರಿಸುತ್ತಿದ್ದಳು. ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದವಳು, ಹಾಜರಿ ಹಾಕಿದ ಹಾಗೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಮಂಜಿನ ಮಾತು ಬರಲಿಲ್ಲ.

"ನಿಮ್ಮ ಅತ್ತೆ ಫೋನ್ ಮಾಡಿದ್ಲು."

"ಯಾವ ಅತ್ತೆ?"

"ಬಿ.ದುರ್ಗದಾಕೆ. ಸಂಕ್ರಾಂತಿಗೆ ಬರ್ರಿ ಅಂದ್ಲು. ನಿಮ್ಮ ಮಾವ ಪಕ್ಕದಲ್ಲೇ ಕುಂತಿದ್ನಂತೆ. ಫೋನ್ ಇಸ್ಕಳ್ಳಲಿಲ್ಲ."

ಹೊಳಲ್ಕೆರೆ ದಾಟಿ ಬಿ.ದುರ್ಗದ ಕಡೆ ಹೋದರೆ ಅಮ್ಮನ ತವರು. ಅಲ್ಲಿಗೆ ಅವಳು ಕಾಲಿಟ್ಟು ಹತ್ತು ವರ್ಷದ ಮೇಲಾಗಿತ್ತು. ಅಜ್ಜಿ ತೀರಿಕೊಂಡಾಗ ಸುದ್ದಿ ಇವಳಿಗೆ ತಡವಾಗಿ ಮುಟ್ಟಿತ್ತು. ಮಾವ, ಅಂದರೆ ಅಮ್ಮನ ಅಣ್ಣ, ಯಾರಿಗೋ ಫೋನ್ ಮಾಡಲು ಹೇಳಿದ್ದನಂತೆ, ಆ ಯಾರೋ ಇನ್ನೊಬ್ಬರು ಮಾಡಿರುತ್ತಾರೆ ಅಂದುಕೊಂಡನಂತೆ. ಅಮ್ಮ ಬಸ್ಸು ಹತ್ತಿ ಹೋಗುವ ಹೊತ್ತಿಗೆ ಮಣ್ಣು ಮುಚ್ಚಿ ಎಲ್ಲರೂ ಸ್ನಾನ ಮಾಡಿ ಕೂತಿದ್ದರು. ಅವಳು ಹೊಲಕ್ಕೆ ಹೋಗಿ ಆ ಹಸಿ ಮಣ್ಣಿನ ಪಕ್ಕ ಕೂತಿದ್ದು, ಅಲ್ಲಿಂದಲೇ ಬಸ್ಸಿಗೆ ಬಂದಳು. ಆ ಮನೆಯಲ್ಲಿ ನೀರು ಕುಡಿಯಲಿಲ್ಲ. ಅಣ್ಣ ಬಸ್‌ಸ್ಟಾಂಡಿನವರೆಗೂ ಹಿಂದೆ ಬಂದನಂತೆ, ಮಾತಾಡಲಿಲ್ಲವಂತೆ. ಇದೆಲ್ಲ ಅಮ್ಮ ಹೇಳಿದ್ದು, ಅದೂ ತುಣುಕು ತುಣುಕಾಗಿ. ನಾನು ನೋಡಿದ್ದಲ್ಲ.

"ಹೋಗ್ತೀಯಾ?" ಎಂದೆ.

"ನೀನು ಕಾರಲ್ಲಿ ಕರ್ಕಂಡು ಹೋದ್ರೆ ಹೋಗ್ತೀನಿ. ಬಸ್ಸಲ್ಲಿ ಆಗಲ್ಲ. ಬಸ್ಸಲ್ಲಿ ಹೋದ್ರೆ ಮಧ್ಯ ಎಲ್ಲಾದ್ರೂ ಇಳಿದ್ಬಿಡ್ತೀನಿ."

ಇಬ್ಬರೂ ನಕ್ಕೆವು. ನಕ್ಕದ್ದು ಚೆನ್ನಾಗಿ ನೆನಪಿದೆ.

ಕಾರು ಹಳೆಯದು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಒಂದು ವರ್ಷವೂ ಆಗಿರಲಿಲ್ಲ. ನಾನು ಅದನ್ನು ಕಾಲೇಜಿಗೆ, ತರಕಾರಿಗೆ, ಒಂದು ಸಲ ಮಂಡ್ಯಕ್ಕೆ ಓಡಿಸಿದ್ದೆ. ಗಂಡನಿಗೆ ರಜೆ ಸಿಗಲಿಲ್ಲ. "ಹಗಲಲ್ಲಿ ಹೋಗು, ನಿಧಾನಕ್ಕೆ ಹೋಗು" ಎಂದು ಅವರು ಟೈರುಗಳಿಗೆ ಗಾಳಿ ಹಾಕಿಸಿ ಕೊಟ್ಟರು. ಐದು ವರ್ಷದ ಮಗಳು ಚಿನ್ನಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾಗಮಂಗಲ, ಹುಳಿಯಾರು ದಾಟಿ ಹಿರಿಯೂರು ಸೇರುವ ಹೊತ್ತಿಗೆ ನನ್ನ ಭುಜಗಳು ಕಿವಿಯ ಹತ್ತಿರ ಬಂದಿದ್ದವು. ಅಮ್ಮ ಮುದ್ದೆ, ಹುರುಳಿಕಾಳು ಸಾರು ಮಾಡಿದ್ದಳು. ಊಟ ಮಾಡಿ ನೋಡಿದರೆ ಹೊರಡುವ ಚೀಲ ಬಾಗಿಲ ಬಳಿ ಇತ್ತು. ಎಳ್ಳುಬೆಲ್ಲದ ಡಬ್ಬಿ, ಅತ್ತೆಗೆ ಸೀರೆ, ಮಾವನಿಗೆ ಒಂದು ಬಿಳಿ ಪಂಚೆ. ಅಮ್ಮ ಮಲಗುವ ಮೊದಲು ಆ ಪಂಚೆಯನ್ನು ಚೀಲದಿಂದ ತೆಗೆದು ಬೀರುವಿನಲ್ಲಿಟ್ಟಳು. ಬೆಳಿಗ್ಗೆ ಎದ್ದಾಗ ಅದು ಮತ್ತೆ ಚೀಲದಲ್ಲಿತ್ತು.

ಹೊರಡುವಾಗ ತುಳಸಿಕಟ್ಟೆ ಕಾಣುತ್ತಿತ್ತು. ಹಾಗಾಗಿ ಧೈರ್ಯ ಮಾಡಿದೆವು.

ಹೋಗಲು ಎರಡು ದಾರಿ. ಹೈವೇ ಹಿಡಿದು ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ. ಇಲ್ಲವೆಂದರೆ ಡ್ಯಾಂ ಪಕ್ಕದ ರಸ್ತೆಯಲ್ಲಿ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ. "ಹೈವೇ ಬ್ಯಾಡ," ಎಂದಳು ಅಮ್ಮ. "ಮಂಜಲ್ಲಿ ಲಾರಿಯೋರು ಹಿಂದಿಂದ ಬಂದು ಏರಿಬಿಡ್ತಾರೆ. ಹೊಸದುರ್ಗದ ಮೇಲೆ ಹೋಗಾಣ." ಅದು ನಿಜವಾದ ಕಾರಣವೇ ಆಗಿತ್ತು. ಆ ದಾರಿ ನಿಧಾನದ್ದು, ಅದೂ ನಿಜ. ಅಮ್ಮನಿಗೆ ನಿಧಾನ ಬೇಕಾಗಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಂಡಿರಲಿಲ್ಲ.

ಡ್ಯಾಂ ಹತ್ತಿರವಾಗುತ್ತಿದ್ದಂತೆ ಬೆಟ್ಟಗಳು ಹೋದವು. ಆಮೇಲೆ ರಸ್ತೆ ಪಕ್ಕದ ಮರಗಳು ಹೋದವು. ಆಮೇಲೆ ನಮ್ಮ ಕಾರಿನ ಮೂತಿಯೇ ಮಸುಕಾಯಿತು. ಲೈಟು ಹಾಕಿದರೆ ಎದುರಿಗೆ ಸುಣ್ಣ ಬಳಿದ ಗೋಡೆ ನಿಲ್ಲುತ್ತಿತ್ತು. ಆರಿಸಿದರೆ ಗೋಡೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಗಾಜು ಒಳಗಿನಿಂದ ಮಬ್ಬಾಗುತ್ತಿತ್ತು, ಅಮ್ಮ ಸೆರಗಿನಿಂದ ಒರೆಸುತ್ತಿದ್ದಳು. ರಸ್ತೆಯ ಬಿಳಿ ಗೆರೆ ಒಂದು ಚೂರು ಕಾಣುತ್ತಿತ್ತು, ನಾನು ಆ ಚೂರನ್ನು ಹಿಡಿದುಕೊಂಡು ಹೋಗುತ್ತಿದ್ದೆ. ಎರಡು ಕಡೆ ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಇದು ಇದ್ದದ್ದೇ. ಕಣ ಮಾಡುವ ಬದಲು ಕೊಯ್ದ ಬೆಳೆಯನ್ನು ಟಾರು ರಸ್ತೆಗೆ ಹಾಕುತ್ತಾರೆ, ಹೋಗುವ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸುತ್ತದೆ. ಕಾರಿನಡಿ ಸರಸರ ಸದ್ದಾಯಿತು. ಚಿನ್ನಿ ಆ ಸದ್ದಿಗೆ ಖುಷಿಪಟ್ಟು ಆಮೇಲೆ ನಿದ್ದೆ ಹೋದಳು.

ಹೊಸದುರ್ಗದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಸ್ಟೀರಿಂಗ್ ಬಿಟ್ಟಾಗ ಬೆರಳುಗಳು ತಾವಾಗಿ ಬಿಡಿಸಿಕೊಳ್ಳಲಿಲ್ಲ. ಊರೊಳಗೆ ಮಂಜು ತೆಳುವಾಗಿತ್ತು. ಹೋಟೆಲಿನವನು ನನ್ನ ಮುಖ ನೋಡಿದ.

"ಯಾವ ಕಡೆ ಮೇಡಂ?"

"ಬಿ.ದುರ್ಗ."

"ಒಂದು ತಾಸು ಕುಂತ್ಕಳ್ರಿ. ಬಿಸಿಲು ಬರ್ಲಿ. ಹೊಳಲ್ಕೆರೆಯಿಂದ ಬಂದ ಬಸ್ಸಿನ ಡ್ರೈವರ್ರು ಈಗ ಇಲ್ಲಿ ಇಳಿದು ದೇವ್ರಿಗೆ ಕೈ ಮುಗಿದು ಟೀ ಕುಡಿದ್ರು."

ಬೆಂಚಿನ ಮೇಲಿದ್ದ ಮಫ್ಲರಿನವನು, "ಏ, ಅವರ ಕಾರಿಗೆ ಲೈಟ್ ಐತಲ್ಲಪ್ಪ" ಎಂದ.

"ಲೈಟ್ ಹಾಕಿದ್ರೆ ಮಂಜು ಇನ್ನೂ ಬೆಳ್ಳಗಾಗ್ತೈತೆ ಅಷ್ಟೇ. ಪೌಡರ್ ಹಾಕ್ಕಂಡ್ರೆ ನಿನ್ನ ಮುಖ ಆಗಲ್ವಾ, ಹಂಗೆ."

ಬೆಂಚೆಲ್ಲ ನಕ್ಕಿತು. ಅಮ್ಮ ನಗಲಿಲ್ಲ. ಲೋಟ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಹೇಳಿದಳು: "ನಿಂತ್ರೆ ನಾನು ವಾಪಸ್ ಹೋಗಾಣ ಅಂತೀನಿ. ನಡಿ."

ಹೊರಟೆವು.

ಹೊಸದುರ್ಗ ಬಿಟ್ಟ ಮೇಲೆ ಸ್ವಲ್ಪ ದೂರ ಮಂಜು ಹೊಲಗಳ ಮೇಲಷ್ಟೇ ಮಲಗಿತ್ತು. ಆಮೇಲೆ ಎದ್ದು ಬಂತು. ಡ್ಯಾಂ ಹತ್ತಿರದ್ದು ಇದರ ಮುಂದೆ ಏನೂ ಅಲ್ಲ. ಆ ಭಾಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಕಾಣುತ್ತಿರಲಿಲ್ಲ, ಆದರೆ ರೆಕ್ಕೆ ಸುತ್ತುವ ಸದ್ದು ನೆತ್ತಿಯ ಮೇಲೇ ಇತ್ತು. ವೂಂ ಎಂದು ಬರುವುದು, ನಿಲ್ಲುವುದು, ಮತ್ತೆ ಬರುವುದು. ಪ್ರತಿ ಸಲ ಅದು ಎದುರಿನಿಂದ ಬರುವ ಲಾರಿ ಎಂದುಕೊಂಡು ಕಾಲು ಬ್ರೇಕಿಗೆ ಹೋಗುತ್ತಿತ್ತು. ಒಂದು ಸಲ ಅದು ನಿಜಕ್ಕೂ ಲಾರಿಯೇ ಆಗಿತ್ತು. ಎರಡು ಹಳದಿ ಕಣ್ಣು ಎದುರಿಗೆ ಹುಟ್ಟಿ, ಹುಟ್ಟಿದ ಕ್ಷಣಕ್ಕೇ ನಮ್ಮ ಬದಿಗೆ ಬಂದು ಹೋಯಿತು. ಕನ್ನಡಿ ತಾಗಿತೋ ಇಲ್ಲವೋ. ಕಾರು ಅಲುಗಾಡಿದ್ದು ಗಾಳಿಗೋ ತಾಗಿದ್ದಕ್ಕೋ ತಿಳಿಯಲಿಲ್ಲ. ನಾನು ರಸ್ತೆಯ ಅಂಚಿಗೆ ಸರಿದು ನಿಲ್ಲಿಸಿ ಎರಡು ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಕೂತುಬಿಟ್ಟೆ.

"ಇಲ್ಲಿ ನಿಲ್ಲಬಾರ್ದು. ಹಿಂದಿಂದ ಬಂದೋನಿಗೆ ನಾವು ಕಾಣಲ್ಲ," ಎಂದಳು ಅಮ್ಮ.

"ನನಗೆ ರಸ್ತೆನೇ ಕಾಣ್ತಿಲ್ಲಮ್ಮ. ಯಾವ ಕಡೆ ಹೋಗ್ಲಿ?"

ಅಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ಹಿಂದಕ್ಕೆ ಬಾಗಿ ಚೀಲದಿಂದ ಮಾವನ ಪಂಚೆಯನ್ನು ತೆಗೆದಳು.

"ನಾನು ಮುಂದೆ ನಡೀತೀನಿ. ನೀನು ನನ್ನ ಹಿಂದೆ ಬಾ. ನಾವು ಚಿಕ್ಕೋರಿದ್ದಾಗ ಬಸ್ಸಿನ ಕ್ಲೀನರ್ರು ಹಿಂಗೇ ಬಿಳಿ ಟವೆಲ್ ಬೀಸ್ಕಂತ ಬಸ್ಸಿನ ಮುಂದೆ ನಡೀತಿದ್ದ. ಒಂದು ಫರ್ಲಾಂಗ್ ನಡೆದ್ರೆ ಮೋರಿ ಸಿಗ್ತೈತೆ, ಅದರ ಪಕ್ಕ ಅಗಲ ಐತೆ. ಅಲ್ಲಿ ನಿಲ್ಸಾಣ."

"ಬೇಡಮ್ಮ."

"ಸುಮ್ನೆ ಬಾ. ಮೆತ್ತಗೆ ಬಾ."

ಕ್ಲೀನರ್ ಬಿಳಿ ಟವೆಲ್ ಬೀಸಿದ್ದು ಕತ್ತಲಲ್ಲಿ ಇರಬೇಕು. ಮಂಜಿನಲ್ಲಿ ಬಿಳಿ ಎಲ್ಲಿ ಕಾಣುತ್ತದೆ? ಇಬ್ಬರು ಓದಿದವರಿಗೆ ಅದು ಹೊಳೆಯಲಿಲ್ಲ. ಅಮ್ಮ ಇಳಿದು ಮುಂದೆ ಹೋಗಿ ಪಂಚೆ ಬೀಸಿದಳು. ನನಗೆ ಪಂಚೆ ಕಾಣಲೇ ಇಲ್ಲ. ಕಂಡದ್ದು ಸ್ವೆಟರಿನ ಕೆಂಪು ಮಾತ್ರ, ತೊಯ್ದ ಕುಂಕುಮದ ಹಾಗೆ. ನಾನು ಗಾಜು ಇಳಿಸಿ, ಮೊದಲ ಗೇರಿನಲ್ಲಿ, ಆ ಕೆಂಪನ್ನು ನೋಡುತ್ತ ಹೋದೆ. ಅದು ಚಿಕ್ಕದಾದರೆ ಸ್ವಲ್ಪ ಮುಂದೆ ಬಿಡುತ್ತಿದ್ದೆ, ದೊಡ್ಡದಾದರೆ ಬ್ರೇಕು ಒತ್ತುತ್ತಿದ್ದೆ. ಲೋಕದಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಆಮೇಲೆ ಅದು ಇರಲಿಲ್ಲ.

ಚಿಕ್ಕದಾಗುತ್ತ ಹೋಗಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಒರೆಸಿದ ಹಾಗೆ ಹೋಯಿತು. ನಾನು ಬ್ರೇಕಿಗೆ ಕಾಲಿಡುವಷ್ಟರಲ್ಲಿ ಮುಂದಿನ ಚಕ್ರ ಮೆತ್ತಗಿನ ಏನನ್ನೋ ಹತ್ತಿತು. ಕಾರು ಒಂದು ಕಡೆಗೆ ವಾಲಿ ನಿಂತಿತು.

"ಅಮ್ಮ."

ಉತ್ತರವಿಲ್ಲ.

"ಅಮ್ಮಾ."

ಗಾಳಿಯಂತ್ರ ವೂಂ ಎಂದಿತು, ನಿಂತಿತು.

ನಾನು ಯೋಚಿಸಿದ್ದನ್ನು ಬರೆಯಲೇಬೇಕು. ಚಕ್ರದ ಕೆಳಗೆ ಇರುವುದು ಅಮ್ಮ ಎಂದು ನಾನು ಯೋಚಿಸಿದೆ. ಅನುಮಾನವಲ್ಲ ಅದು, ಗೊತ್ತಿದ್ದ ಹಾಗಿತ್ತು. ಮುಂದೆ ಹೋದರೆ ಅವಳ ಮೇಲೆ, ಹಿಂದೆ ತೆಗೆದರೂ ಅವಳ ಮೇಲೆ. ಎಂಜಿನ್ ಆರಿಸಿದರೆ ಕಾರು ಉರುಳಿಬಿಡುತ್ತದೆ ಎಂದು ಅದನ್ನೂ ಆರಿಸಲಿಲ್ಲ. ಹ್ಯಾಂಡ್‌ಬ್ರೇಕ್ ಎನ್ನುವ ಒಂದು ವಸ್ತು ಇದೆ ಎಂಬುದೇ ಮರೆತುಹೋಗಿತ್ತು. ಬಲಗಾಲಿನಿಂದ ಬ್ರೇಕನ್ನು ಒತ್ತಿ ಹಿಡಿದು, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕರೆಯುತ್ತಲೇ ಇದ್ದೆ. ಫೋನ್ ಮಾಡಿದೆ. ಅದು ಪಕ್ಕದ ಸೀಟಿನಲ್ಲಿ, ಅವಳ ಕೈಚೀಲದೊಳಗೆ ರಿಂಗಾಯಿತು.

ಆ ಸದ್ದಿಗೆ ಚಿನ್ನಿ ಎದ್ದಳು. "ಅಮ್ಮ, ನಾವು ಮೋಡದೊಳಗೆ ಇದೀವಾ?"

"ಹೂಂ."

"ಅಜ್ಜಿ ಎಲ್ಲಿ?"

"ಇಲ್ಲೇ ಇದಾಳೆ. ಮುಂದೆ."

ಅವಳು ಮೂಗೆಳೆದುಕೊಂಡಳು. "ಯಾರೋ ಹುರುಳಿ ಹುರೀತಿದಾರೆ. ಅಜ್ಜೀನಾ?"

ನನಗೂ ಬಂತು ಆಗ. ಹಿಂದಿನ ದಿನ ಊಟಕ್ಕೆ ಮುಂಚೆ ಹಿರಿಯೂರಿನ ಅಡುಗೆಮನೆಯಿಂದ ಬಂದ ವಾಸನೆಯೇ. ಮೊದಲು ಹಿತವಾಗಿ ಬಂತು, ಆಮೇಲೆ ಸೀಯುವ ಹಾಗೆ. ಇದು ಯಾವುದೋ ಮನೆಯ ಒಲೆ, ಹತ್ತಿರದಲ್ಲೇ ಊರಿದೆ, ಜನ ಇದ್ದಾರೆ ಎಂದು ಒಂದು ಕ್ಷಣ ಸಮಾಧಾನವೂ ಆಯಿತು. ಅಷ್ಟರಲ್ಲಿ ನನ್ನ ಕಿಟಕಿಯ ಕೆಳಗಿನಿಂದ ಮಂಜಿಗಿಂತ ನೀಲಿಯಾದ ಒಂದು ಎಳೆ ಮೇಲೆದ್ದಿತು. ಅದು ಮಂಜಿನಂತೆ ನಿಲ್ಲಲಿಲ್ಲ, ಏರಿತು.

ಬೆಳೆ ಹಾಕಿದ ರಸ್ತೆಗಳಲ್ಲಿ ಗಿಡದ ಬಳ್ಳಿ ಕಾರಿನಡಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದನ್ನು ಪೇಪರಿನಲ್ಲಿ ಓದಿದ್ದೆ. ಬ್ರೇಕಿನಿಂದ ಕಾಲು ತೆಗೆಯಬೇಕು, ಮಗುವನ್ನು ಇಳಿಸಬೇಕು. ಕಾಲು ತೆಗೆದರೆ ಕಾರು ಅಮ್ಮನ ಮೇಲೆ ಹೋಗುತ್ತದೆ. ತೆಗೆಯದಿದ್ದರೆ ಚಿನ್ನಿ. ಹೀಗೆ ಎಷ್ಟು ಹೊತ್ತು ಕೂತಿದ್ದೆ? ಅರ್ಧ ಗಂಟೆ ಎಂದು ಮೈ ಹೇಳುವುದು ಇದನ್ನೇ. ಬಹುಶಃ ಐದಾರು ಉಸಿರು. ಆಮೇಲೆ ಕೈಗೆ ಹ್ಯಾಂಡ್‌ಬ್ರೇಕ್ ತಾನಾಗಿ ಸಿಕ್ಕಿತು. ಎಳೆದೆ. ಎಂಜಿನ್ ಆರಿಸಿದೆ. ಕಾರು ಅಲುಗಲಿಲ್ಲ. ಹಿಂದಿನ ಬಾಗಿಲು ತೆಗೆದು ಚಿನ್ನಿಯನ್ನು ಎತ್ತಿಕೊಂಡೆ. ಅವಳನ್ನು ಎಲ್ಲಿ ನಿಲ್ಲಿಸಲಿ? ರಸ್ತೆಯಲ್ಲಿ ನಿಲ್ಲಿಸಿದರೆ ಯಾವುದೋ ಗಾಡಿ ಬರುತ್ತದೆ. ಅಂಚಿನಾಚೆ ಹಳ್ಳವೋ ಹೊಲವೋ ಕಾಣದು. ಸೊಂಟದ ಮೇಲೆಯೇ ಇಟ್ಟುಕೊಂಡು, ಅವಳ ಮುಖವನ್ನು ನನ್ನ ಕತ್ತಿಗೆ ಒತ್ತಿ ಹಿಡಿದು, ಮೊಣಕಾಲೂರಿ ಕಾರಿನಡಿ ನೋಡಿದೆ.

ಹುರುಳಿ ಗಿಡ. ಗುಡ್ಡೆ ಹಾಕಿದ್ದ ಹುರುಳಿ ಗಿಡದ ಮೇಲೆ ಕಾರು ಹತ್ತಿತ್ತು. ಒತ್ತಿಕೊಂಡ ಒಣ ಬಳ್ಳಿಗಳ ನಡುವೆ ಕೆಂಪಗೆ ಹುಳುಗಳ ಹಾಗೆ ಬೆಂಕಿ ಹರಿದಾಡುತ್ತಿತ್ತು. ಅಮ್ಮ ಇರಲಿಲ್ಲ.

ಆ ಕೆಂಪನ್ನು ನೋಡಿ ನಾನು ಸಮಾಧಾನದಿಂದ ಅತ್ತೆ. ಅಳುತ್ತಿರುವಾಗಲೇ ಇನ್ನೊಂದು ಹೆದರಿಕೆ ಎದ್ದಿತು. ಇಲ್ಲಿಲ್ಲದಿದ್ದರೆ ಎಲ್ಲಿ? ಮತ್ತೆ ಕೂಗಿದೆ. ಚಿನ್ನಿಯೂ ಕೂಗಿದಳು, "ಅಜ್ಜೀ" ಎಂದು, ಆಟದಲ್ಲಿ ಕೂಗುವ ಹಾಗೆ. ಉತ್ತರ ಬರಲಿಲ್ಲ.

ಬಂದದ್ದು ಬೇರೊಂದು ದನಿ.

"ಯಾರವ್ವ ಅದು, ನಮ್ಮ ಹುರುಳಿ ಮ್ಯಾಲೆ ಕಾರು ಹತ್ಸಿರೋರು? ಅಷ್ಟು ದೊಡ್ಡ ಗುಡ್ಡೆ ಕಾಣ್ಲಿಲ್ವಾ, ಸುತ್ತ ಕಲ್ಲಿಟ್ಟಿವ್ನಿ."

ತಲೆಗೆ ಟವೆಲ್ ಸುತ್ತಿ, ಗಂಡಸರ ಶರ್ಟು ಹಾಕಿಕೊಂಡ ಒಬ್ಬ ಹೆಂಗಸು ಕೋಲು ಹಿಡಿದು ಮಂಜಿನಿಂದ ಹೊರಗೆ ಬಂದಳು. ಬಂದವಳು ಹೊಗೆ ನೋಡಿದಳು, ಬೈಗುಳ ಅಲ್ಲಿಗೇ ನಿಂತಿತು. "ಮಗೀನ ದೂರ ಕರ್ಕಂಡೋಗು" ಎಂದು ನನ್ನನ್ನು ತಳ್ಳಿ, ಗುಡ್ಡೆಯ ಮೇಲೆ ಅರ್ಧ ಸರಿದಿದ್ದ ಟಾರ್ಪಾಲನ್ನು ಜಗ್ಗಿದಳು. ಅದರ ಮಡಿಕೆಯಲ್ಲಿ ರಾತ್ರಿಯ ಇಬ್ಬನಿ ನೀರಾಗಿ ನಿಂತಿತ್ತು. ಆ ನೀರನ್ನು ಕಾರಿನಡಿಗೆ ಸುರಿದಳು, ಕೋಲಿನಿಂದ ಬಳ್ಳಿ ಎಳೆದಳು, ಬೊಗಸೆ ಬೊಗಸೆ ಮಣ್ಣು ಎರಚಿದಳು. ನಾನು ಚಿನ್ನಿಯನ್ನು ರಸ್ತೆ ಅಂಚಿನ ಕಲ್ಲಿನ ಮೇಲೆ ಕೂರಿಸಿ ಓಡಿ ಬಂದು ಕೈಯಲ್ಲೇ ಎಳೆಯತೊಡಗಿದೆ. ಯಾವಾಗಲೋ ನನ್ನ ಕೈಗಳ ಪಕ್ಕ ಇನ್ನೆರಡು ಕೈಗಳಿದ್ದವು, ಹಸಿರು ಬಳೆ ಹಾಕಿದ್ದು. ಒದ್ದೆ ಪಂಚೆಯನ್ನು ಮುದ್ದೆ ಮಾಡಿ ಬೆಂಕಿಯ ಮೇಲೆ ಒತ್ತುತ್ತಿದ್ದವು. ಅಮ್ಮ ಬಂದದ್ದು ಯಾವ ಕಡೆಯಿಂದ, ಯಾವಾಗ, ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಆ ಜಾಗ ಖಾಲಿ.

ಬೆಂಕಿ ಆರಿತು. ಮೂವರೂ ಮಸಿ ಕೈಯಲ್ಲಿ ನಿಂತಿದ್ದೆವು. ಹೆಂಗಸು ಒಂದು ಸುಟ್ಟ ಕಾಯಿಯನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು.

"ಹುರ್ದಿದ್ದೂ ಆತು. ಇನ್ನ ಒಗ್ಗರಣೆ ಹಾಕ್ಕಂಡ್ರೆ ಮುಗೀತು," ಎಂದಳು. ನನ್ನ ಮುಖ ನೋಡಿ, "ಅಳಬ್ಯಾಡವ್ವ, ಹುರುಳಿ ಹೋದ್ರೆ ಹೋತು" ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. "ನೀವಾ? ಮೋರಿ ಕಟ್ಟೆ ಮ್ಯಾಲೆ ಪಂಚೆ ಹೊದ್ಕಂಡು ಕುಂತಿದ್ರಲ್ಲ. ಯಾರೋ ಕೂಗ್ತಾ ಅವ್ರೆ, ಯಾರು ಅಂತ ನಾನು ನಿಮ್ಮನ್ನ ಕೇಳಿದ್ನಲ್ಲ. ಕೈ ಮಾಡಿದ್ರಿ."

ಅಮ್ಮ ಪಂಚೆ ಹಿಂಡುತ್ತಿದ್ದಳು.

ಹೆಂಗಸು ಹೀಗೇ ಹೇಳಿದಳೇ? ಹೇಳಿದಳು ಎಂದೇ ನಾನು ನಂಬಿದ್ದೇನೆ. ಆದರೆ ನಂಬಿಕೆ ಒಂದು, ನೆನಪು ಇನ್ನೊಂದು. ಪಂಚೆ ಹೊದ್ದುಕೊಂಡಿದ್ದು ಸರಿ. ಚಳಿಯಾಗಿ, ಬೀಸುತ್ತಿದ್ದ ಪಂಚೆಯನ್ನೇ ಅಮ್ಮ ತಲೆಯ ಮೇಲಿಂದ ಹೊದ್ದುಕೊಂಡಿರಬೇಕು, ಕೆಂಪು ಮುಚ್ಚಿಹೋಗಿರಬೇಕು. ಕಾಣದಾದದ್ದಕ್ಕೆ ಇದು ಉತ್ತರ. 'ಕೈ ಮಾಡಿದ್ರಿ' ಎಂದರೆ? ಬರುತ್ತೇನೆ ಎಂದು ಕೈ ಮಾಡಬಹುದು. ಗೊತ್ತಿಲ್ಲ ಎಂದೂ ಮಾಡಬಹುದು. ಸುಮ್ಮನಿರು, ನಾನಿಲ್ಲಿರುವುದನ್ನು ಹೇಳಬೇಡ ಎಂದೂ ಮಾಡಬಹುದು. ಮೋರಿ ಎಷ್ಟು ದೂರವಿತ್ತೆಂದು ಮಂಜು ಕರಗಿದ ಮೇಲೆ ನೋಡಿದೆ. ನಮ್ಮ ಕಾಲೇಜಿನ ತರಗತಿಯಲ್ಲಿ ಕೊನೆಯ ಬೆಂಚಿನವರೆಗೆ ಇರುವಷ್ಟು ದೂರ.

ಮಂಜು ಕರಗಿದ್ದು ಥಟ್ಟನೆ. ಹೆಂಗಸು ನಮ್ಮನ್ನು ಅಲ್ಲೇ ಕೂರಿಸಿಕೊಂಡಿದ್ದಳು. ಅವಳ ಮೈದುನ ಬಂದು ಕಾರಿನಡಿ ಮಲಗಿ ಉಳಿದ ಬಳ್ಳಿ ಬಿಡಿಸಿ, "ಪೈಪ್ ಏನೂ ಆಗಿಲ್ಲ, ಹೋಗ್ರಿ" ಎಂದ. ಆ ಹೊತ್ತಿಗೆ ಬಿಸಿಲಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ಏನೂ ಆಗಿಲ್ಲವೆಂಬಂತೆ ಸುತ್ತುತ್ತಿದ್ದವು. ಕಾರಿನಲ್ಲಿ ಕೂತ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ನಡಿ."

ನಾನು ಹೊಳಲ್ಕೆರೆಯವರೆಗೂ ಕಿಟಕಿಯ ಗಾಜು ಇಳಿಸಿಯೇ ಓಡಿಸಿದೆ. ಕಾರಿನ ತುಂಬ ಆ ವಾಸನೆ.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಿದ್ದ. ನನ್ನ ನೆನಪಿನಲ್ಲಿದ್ದುದಕ್ಕಿಂತ ಸಣ್ಣಗಾಗಿದ್ದ. ನಾವು ಇಳಿದಾಗ ಎದ್ದು ನಿಂತ. ಅಮ್ಮ ಗೇಟಿನ ಹತ್ತಿರ ನಿಂತಳು. ಅಲ್ಲಿ ಅವಳು ನಿಂತ ಆ ಹೊತ್ತು ನನಗೆ ಮೋರಿಯ ಹತ್ತಿರದ ಹೊತ್ತಿಗಿಂತ ಕಡಿಮೆ ಹೆದರಿಕೆಯದಾಗಿರಲಿಲ್ಲ. ತಿರುಗಿ ಬಂದು ಕಾರು ಹತ್ತುತ್ತಾಳೆ ಎಂದುಕೊಂಡೆ.

"ತಡ ಆತು," ಎಂದ ಮಾವ.

"ಮಂಜಿತ್ತು," ಎಂದಳು ಅಮ್ಮ.

ಅವನು ಕೇಳಿದ್ದು ಅವತ್ತಿನ ತಡವೋ ಅಷ್ಟೂ ವರ್ಷದ್ದೋ, ನಾನು ಅರ್ಥ ಹಚ್ಚಲು ಹೋಗುವುದಿಲ್ಲ. ಅತ್ತೆ ಚೊಂಬಿನಲ್ಲಿ ಕಾಲಿಗೆ ಬಿಸಿನೀರು ತಂದಳು. ಅಮ್ಮ ಕಾಲು ತೊಳೆದು, ಜಗಲಿಯ ಮೇಲೆ ಕೂತು, ಚೀಲದಿಂದ ಪಂಚೆ ತೆಗೆದು ಅಣ್ಣನ ಮುಂದಿಟ್ಟಳು. ಒದ್ದೆ, ಮಸಿ, ಒಂದು ಕಡೆ ಅಂಗೈಯಗಲ ಸುಟ್ಟ ತೂತು.

"ಇದೇನು, ಸುಟ್ಟೈತೆ?"

"ದಾರೀಲಿ ಸುಡ್ತು. ಬೇರೆ ಕೊಡಿಸ್ತೀನಿ."

"ಬ್ಯಾಡ ಬಿಡು," ಎಂದು ಮಾವ ಅದನ್ನು ಒಂದು ಸಲ ಕೊಡವಿ ತಲೆಗೆ ಸುತ್ತಿಕೊಂಡ. ಅಮ್ಮ ಅದನ್ನೇ ನೋಡುತ್ತಿದ್ದಳು. ಆಮೇಲೆ ಒಳಗಿನ ಕಡೆ ಮುಖ ಮಾಡಿ, "ಕುಡಿಯಾಕೆ ನೀರು ಕೊಡಮ್ಮ" ಎಂದಳು.

ಮೂರು ದಿನ ಇದ್ದೆವು. ಸಜ್ಜೆರೊಟ್ಟಿ, ಅವರೆಕಾಳು ತಿಂದೆವು. ಅಣ್ಣ ತಂಗಿ ಮಾತಾಡಿದ್ದು ಹೆಚ್ಚಿಲ್ಲ, ಜಗಲಿಯ ಎರಡು ತುದಿಯಲ್ಲಿ ಬಿಸಿಲಿಗೆ ಕೂತಿರುತ್ತಿದ್ದರು. ಈಗ ತಿಂಗಳಿಗೊಂದು ಸಲವಾದರೂ ಫೋನ್ ಇದೆ. ಮಾವ ತಾನೇ ಇಸಕೊಂಡು ಮಾತಾಡುತ್ತಾನೆ. ವಾಪಸು ಬರುವಾಗ ಚಿತ್ರದುರ್ಗದ ಮೇಲೆ, ಹೈವೇಯಲ್ಲಿ, ಮಟಮಟ ಮಧ್ಯಾಹ್ನ ಬಂದೆವು. ಒಳ್ಳೆಯದೇ ಆಯಿತಲ್ಲ ಎನ್ನುತ್ತಾರೆ ಎಲ್ಲರೂ. ಒಳ್ಳೆಯದೇ ಆಯಿತು.

ಆದರೂ ಚಳಿಗಾಲ ಬಂದರೆ ನಾನು ಬೆಳಿಗ್ಗೆ ಬೇಗ ಕಾರು ತೆಗೆಯುವುದಿಲ್ಲ. ಚಿನ್ನಿ ಕಣ್ಣಾಮುಚ್ಚಾಲೆಯಲ್ಲಿ ಬಹಳ ಹೊತ್ತು ಸದ್ದಿಲ್ಲದೆ ಅಡಗಿದರೆ ಗದರಿಬಿಡುತ್ತೇನೆ, ಅವಳಿಗೆ ಯಾಕೆಂದು ತಿಳಿಯುವುದಿಲ್ಲ. ಅಮ್ಮ ಮಾತಿನ ನಡುವೆ ಸುಮ್ಮನಾದರೆ ಅವಳ ಮುಖ ನೋಡುತ್ತೇನೆ. ಒಂದು ವೇಳೆ ಹುರುಳಿ ಹೊತ್ತಿಕೊಳ್ಳದೇ ಇದ್ದಿದ್ದರೆ ಅವಳು ಮೋರಿಯಿಂದ ಎದ್ದು ಯಾವ ಕಡೆಗೆ ನಡೆಯುತ್ತಿದ್ದಳು? ನಮ್ಮ ಕಡೆಗೋ, ಬಂದ ದಾರಿಯ ಕಡೆಗೋ, ಎರಡೂ ಅಲ್ಲದ ಹೊಲದ ಕಡೆಗೋ?

ಹೋದ ವಾರ ಉತ್ತರ ಪತ್ರಿಕೆ ಬದಿಗಿಟ್ಟು ಅಡುಗೆಮನೆಗೆ ಹೋದೆ. ಅಮ್ಮ ನನ್ನ ಕಡೆ ಬೆನ್ನು ಮಾಡಿ ಕಾಳು ತಿರುವುತ್ತಿದ್ದಳು. ನಾನು ಕೇಳಿದೆ. ಅಮ್ಮ ಸೌಟು ನಿಲ್ಲಿಸಲಿಲ್ಲ. ಉರಿ ಸಣ್ಣ ಮಾಡಿದಳು, ಒಂದು ಕಾಳು ತೆಗೆದು ಊದಿ ಹಲ್ಲಿನಲ್ಲಿ ಕಡಿದು ನೋಡಿದಳು, ಇನ್ನೂ ಆಗಿಲ್ಲವೆಂಬಂತೆ ಮತ್ತೆ ತಿರುವಿದಳು. ಆಮೇಲೆ ಪುಡಿಯಾಯಿತು, ಡಬ್ಬಿಗೆ ತುಂಬಿದ್ದಾಯಿತು, ನಿನ್ನೆ ಅವಳನ್ನು ಹಿರಿಯೂರಿನ ಬಸ್ಸಿಗೆ ಹತ್ತಿಸಿ ಬಂದದ್ದೂ ಆಯಿತು. ನಾನು ಕೇಳಿದ್ದು ಇಷ್ಟೇ:

"ಅಮ್ಮ, ಅವತ್ತು ನಾನು ಕರೀತಿದ್ದದ್ದು ನಿನಗೆ ಕೇಳಿಸ್ತಿತ್ತಾ?"